ಗಾನವೃಂದದ ಮಂದ್ರಸ್ವರ: ಹಾರ್ಮೋನಿಯಂನಿಂದ ಬೇಸ್ ಗಿಟಾರಿನವರೆಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಸೇವೆ ಸಲ್ಲಿಸಿದ ಗುರುಗಳ ಭಾವಚಿತ್ರಗಳಿರುತ್ತವೆ. ಅಡಿಗಲ್ಲು, ಗಂಟೆಗೋಪುರ, ಬಲಿಪೀಠ, ತೇರು ಇವುಗಳ ವೃತ್ತಾಂತವಿರುತ್ತದೆ. ಕೊನೆಯಲ್ಲಿ ದಾನಿಗಳ ಪಟ್ಟಿಯಿರುತ್ತದೆ. ಗಾನವೃಂದದ ಪಾಲಿಗೆ ಬರುವುದು ಒಂದು ಸಾಮೂಹಿಕ ಚಿತ್ರ, ಅದರ ಕೆಳಗೆ ಎರಡು ಸಾಲು. ಆ ಚಿತ್ರದಲ್ಲಿಯೂ ಹಾಡುವವರು ಮುಂದೆ, ಹಾರ್ಮೋನಿಯಂ ಅಥವಾ ಕೀಬೋರ್ಡ್ ನುಡಿಸುವವರು ನಡುವೆ. ನಾಲ್ಕು ತಂತಿಯ ಉದ್ದನೆಯ ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡ ತರುಣನಿದ್ದರೆ ಅವನು ಕಂಬದ ಮರೆಯಲ್ಲಿ. ಅವನು ನುಡಿಸುವುದು ಏನು, ಅದು ಇಲ್ಲಿಗೆ ಬಂದ ಬಗೆ ಯಾವುದು, ಅದನ್ನು ಕಲಿಯುವವನಿಗೆ ನಾವು ಏನನ್ನು ಕೊಂಡುಕೊಡಬೇಕು ಎಂಬುದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇವೆ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ದೇವಾಲಯಗಳಲ್ಲಿ ಆ ತರುಣನ ಸ್ಥಾನವೇ ಅಲುಗಾಡುತ್ತಿದೆ. ಗುಂಡಿಯೊಂದನ್ನು ಒತ್ತಿದರೆ ತಾಳವನ್ನೂ ಮಂದ್ರಸ್ವರವನ್ನೂ ತಾನೇ ನುಡಿಸುವ ಕೀಬೋರ್ಡ್ ಇರುವಾಗ ಇನ್ನೊಬ್ಬನೇಕೆ, ಇನ್ನೊಂದು ಪೆಟ್ಟಿಗೆಯೇಕೆ ಎಂಬ ಪ್ರಶ್ನೆ ಸಭೆಗಳಲ್ಲಿ ಏಳುತ್ತದೆ. ಉತ್ಸವದ ನೆಪದಲ್ಲಿ ವಾದ್ಯಗಳಿಗಾಗಿ ಒಂದಿಷ್ಟು ಹಣ ಕೂಡುವ ಹೊತ್ತಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ನ್ಯಾಯ.

ಮೊದಲು ಹಳೆಯ ಕಾಲ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಅಬ್ಬೆ ದುಬುವಾ ಸ್ವಾಮಿಗಳು. ಅವರ ನಂತರವೂ ಈ ಪ್ರಾಂತ್ಯದಲ್ಲಿ ದುಡಿದವರು ಬಹುತೇಕ ಪ್ಯಾರಿಸ್ಸಿನ ಪರದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳೇ. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಮತ್ತು 1940ರಲ್ಲಿ ಬೆಂಗಳೂರು ಅದರಿಂದ ಬೇರೆಯಾದಾಗಲೂ ಬಲಿಪೂಜೆಯ ಭಾಷೆ ಲ್ಯಾಟಿನ್ನೇ ಆಗಿತ್ತು. ಅಂದಿನ ಗ್ರೆಗೋರಿಯನ್ ಗಾಯನಕ್ಕೆ ವಾದ್ಯದ ಹಂಗಿಲ್ಲ. ಅದು ಏಕಸ್ವರದಲ್ಲಿ ಸಾಗುವ ಹಾಡು. ಯೂರೋಪಿನ ದೊಡ್ಡ ದೇವಾಲಯಗಳಲ್ಲಿ ಅದರ ಜೊತೆಗೆ ಆರ್ಗನ್ ಇರುತ್ತಿತ್ತು, ಆರ್ಗನ್ನಿನ ಕೆಳಗೆ ಪಾದಗಳಿಂದ ಒತ್ತುವ ಮರದ ಪಟ್ಟಿಗಳಿದ್ದವು. ಆ ಪಟ್ಟಿಗಳಿಂದ ಹೊರಡುವ ಗಂಭೀರ ನಾದವೇ ಇಡೀ ಗಾಯನಕ್ಕೆ ನೆಲಗಟ್ಟು. ಬಡ ದೇವಾಲಯಗಳಿಗೆ ಆರ್ಗನ್ ಎಟುಕದು. ಅಂಥವಕ್ಕೆ ಒದಗಿಬಂದದ್ದು 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದಬೈನ್ ಸಿದ್ಧಪಡಿಸಿದ ಹಾರ್ಮೋನಿಯಂ. 1870ರ ದಶಕದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲುತಿದಿಯನ್ನು ತೆಗೆದು, ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತಿ ನುಡಿಸುವಂತೆ ಮಾಡಿದರು. ಫ್ರಾನ್ಸಿನ ಹಳ್ಳಿಯ ಚರ್ಚಿಗೆ ಒದಗಿದ ಪೆಟ್ಟಿಗೆ ಹೀಗೆ ಬಂಗಾಳದ ದಾರಿಯಾಗಿ ನಮ್ಮ ಊರುಗಳನ್ನು ತಲುಪಿತು.

ಹಾರ್ಮೋನಿಯಂ ಕೊಳ್ಳಹೋದವರಿಗೆ ಒಂದು ಮಾತು ಪರಿಚಿತ: ‘ಬೇಸ್ ರೀಡು ಇದೆಯೇ?’ ಒಂದೇ ಸಾಲಿನ ರೀಡಿನ ಪೆಟ್ಟಿಗೆ ಕೀರಲು. ಅದಕ್ಕೊಂದು ಕೆಳಸ್ಥಾಯಿಯ ಸಾಲು ಸೇರಿದರೆ ನಾದ ತುಂಬುತ್ತದೆ. ನಮ್ಮ ಹಿರಿಯರು ಬೇಸ್ ಎಂಬ ಪದವನ್ನು ಮೊದಲು ಕೇಳಿದ್ದು ಗಿಟಾರಿನಿಂದಲ್ಲ, ಈ ರೀಡಿನ ಪಟ್ಟಿಯಿಂದ. ಅಂದ ಮಾತ್ರಕ್ಕೆ ಹಾರ್ಮೋನಿಯಂಗೆ ಎಲ್ಲೆಡೆ ಮಾನ್ಯತೆಯಿತ್ತೆಂದಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ. ನಾಟಕ ಕಂಪನಿಗಳ ರಂಗಸ್ಥಳದಲ್ಲಿ ಮೊಳಗುತ್ತಿದ್ದ ಪೆಟ್ಟಿಗೆಯೇ ದೇವಾಲಯದಲ್ಲಿಯೂ ಮೊಳಗುತ್ತಿತ್ತು. ಈ ಸಂಗತಿಯನ್ನು ನಾವು ಬೇಕೆಂದೇ ನೆನಪಿಸುತ್ತಿದ್ದೇವೆ. ಬೇಸ್ ಗಿಟಾರು ಸಿನಿಮಾದ ವಾದ್ಯವೆಂದು ಹುಬ್ಬುಗಂಟಿಕ್ಕುವ ಹಿರಿಯರು ತಾವು ಒಪ್ಪಿಕೊಂಡ ವಾದ್ಯದ ಹಿಂದಿನ ವಾಸವನ್ನೂ ನೋಡಬೇಕಷ್ಟೆ.

ಧರ್ಮಸಭೆಯ ಎಚ್ಚರಿಕೆ ಹಳೆಯದು. 1903ರ ನವೆಂಬರ್ 22ರಂದು, ಸಂಗೀತದ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಯಸ್ಸರು ಹೊರಡಿಸಿದ ಆಜ್ಞೆ ದೇವಾಲಯದೊಳಗೆ ಪಿಯಾನೋವನ್ನೂ ಡೋಲು, ತಾಳಗಳಂಥ ಗದ್ದಲದ ವಾದ್ಯಗಳನ್ನೂ ನಿಷೇಧಿಸಿತು. ಹೊರಗಿನ ಮೆರವಣಿಗೆಯಲ್ಲಿ ಮಾತ್ರ ಧರ್ಮಾಧ್ಯಕ್ಷರ ಅನುಮತಿಯಿಂದ ಬ್ಯಾಂಡಿಗೆ ಅವಕಾಶವಿತ್ತು. ಹಬ್ಬದ ತೇರಿನ ಮುಂದೆ ಬ್ಯಾಂಡ್ ಸೆಟ್ಟಿನವರು ಹೆಜ್ಜೆಹಾಕುವಾಗ ಟ್ರಂಪೆಟ್ಟಿನ ಮೆರುಗನ್ನು ಎಲ್ಲರೂ ಗಮನಿಸುತ್ತಾರೆ. ಜನರ ಹೆಜ್ಜೆಯನ್ನು ಹಿಡಿದಿಡುವುದಾದರೋ ದೊಡ್ಡ ಡ್ರಮ್ಮು ಮತ್ತು ಯುಫೋನಿಯಂನ ದಪ್ಪ ದನಿ.

ಮಂದ್ರಸ್ವರ ನಮ್ಮ ಮಣ್ಣಿಗೆ ಹೊಸದೇನೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಗದ್ದುಗೆಯ ಸ್ಥಳ. ಆ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರ ಹೆಗಲ ಮೇಲೆ ತಂಬೂರಿಯಿರುತ್ತದೆ. ಕಥೆ ಎತ್ತ ಹರಿದರೂ, ಹಾಡುವವನ ದನಿ ಎಲ್ಲಿಗೆ ಏರಿದರೂ ಮರಳಿ ಬಂದು ನಿಲ್ಲಲು ಆ ಶ್ರುತಿ ಕಾದಿರುತ್ತದೆ. ಪಕ್ಕದ ತಿರುಮಕೂಡಲು ನರಸೀಪುರದ ಸೀಮೆಯವರಾದ ಪಿಟೀಲು ಚೌಡಯ್ಯನವರು, ಧ್ವನಿವರ್ಧಕಗಳು ಇನ್ನೂ ಹರಡದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯವನ್ನು ಮಾಡಿಕೊಂಡರು. ಸಾಲದ ನಾದವನ್ನು ಸಾಲುವಂತೆ ಮಾಡುವುದು ಹೇಗೆಂಬ ಇದೇ ಚಿಂತೆ ಅಮೆರಿಕದಲ್ಲಿ ಬೇಸ್ ಗಿಟಾರನ್ನು ಹುಟ್ಟಿಸಿತು.

ಅಲ್ಲಿ ಮಂದ್ರಸ್ವರದ ವಾದ್ಯವೆಂದರೆ ಆಳೆತ್ತರದ ಡಬಲ್ ಬೇಸ್. ಅದನ್ನು ಹೊರುವುದು ಕಷ್ಟ, ಕಹಳೆಗಳ ನಡುವೆ ಅದು ಕೇಳಿಸುವುದು ಇನ್ನೂ ಕಷ್ಟ. 1930ರ ದಶಕದಲ್ಲಿ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬುವರು ಅದನ್ನು ಗಿಟಾರಿನ ಅಳತೆಗೆ ಇಳಿಸಿ ವಿದ್ಯುತ್ತಿಗೆ ಜೋಡಿಸಿದರು. ಅದು ಹೆಚ್ಚು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ, ರೇಡಿಯೋ ರಿಪೇರಿಯಿಂದ ಬದುಕು ಆರಂಭಿಸಿದ್ದ ಲಿಯೋ ಫೆಂಡರ್ ಎಂಬಾತ 34 ಅಂಗುಲದ ತಂತಿಯಳತೆಯ, ವೀಣೆಗಿರುವಂತೆ ಮೆಟ್ಟುಗಳುಳ್ಳ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಮೆಟ್ಟಿನ ಮೇಲೆ ಬೆರಳಿಟ್ಟರೆ ಸ್ವರ ತಪ್ಪದು ಎಂಬ ಅರ್ಥದಲ್ಲಿ ಅದಕ್ಕೆ ಪ್ರಿಸಿಷನ್, ಅಂದರೆ ನಿಖರ ಎಂದೇ ಹೆಸರಿಟ್ಟ. ಸ್ವತಃ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1956ರಲ್ಲಿ ಜರ್ಮನಿಯ ಹಾಫ್ನರ್ ಕಂಪನಿ ಪಿಟೀಲಿನ ಆಕಾರದ, ಒಳಗೆ ಪೊಳ್ಳಾದ ಹಗುರವಾದ ಬೇಸನ್ನು ಹೊರತಂದಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಅದನ್ನು ಕೊಂಡದ್ದರಿಂದ ಲೋಕವೆಲ್ಲ ಆ ಆಕಾರವನ್ನು ಗುರುತಿಸುತ್ತದೆ.

ವಿದ್ಯುತ್ತೆಂದರೆ ನಮ್ಮವರಿಗೆ ಒಂದು ಹೆಮ್ಮೆಯಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತು. ತಂತಿ ಹಾದುಹೋದ ಹಳ್ಳಿಗಳಿಗೆ ದೀಪ ಬಂದದ್ದು ಅದೆಷ್ಟೋ ವರ್ಷಗಳ ಮೇಲೆ ಎಂಬುದು ಬೇರೆ ಮಾತು. ವಿದ್ಯುತ್ತಿಲ್ಲದೆ ಬೇಸ್ ಗಿಟಾರು ಮೂಕ. ಅದರ ಮರದ ಒಡಲಿನಿಂದ ಹೊರಡುವ ಸದ್ದು ಪಕ್ಕದಲ್ಲಿ ಕುಳಿತವರಿಗೂ ಸರಿಯಾಗಿ ಕೇಳಿಸದು.

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿತು. ಆರ್ಗನ್ನಿನ ಗೌರವವನ್ನು ಉಳಿಸಿಕೊಂಡೇ, ಪವಿತ್ರ ಕಾರ್ಯಕ್ಕೆ ಹೊಂದುವ ಇತರ ವಾದ್ಯಗಳನ್ನೂ ಆಯಾ ಪ್ರದೇಶದ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು. ಆಯಾ ನಾಡಿನ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ದೊರೆಯಬೇಕೆಂದಿತು. 1967ರ ಮಾರ್ಚ್ 5ರ ಪವಿತ್ರ ಸಂಗೀತದ ನಿರ್ದೇಶನ ಇನ್ನೂ ಸ್ಪಷ್ಟ: ವಾದ್ಯವು ಹಾಡುವವರ ದನಿಗೆ ಆಸರೆಯಾಗಲಿ, ಆದರೆ ಪಠ್ಯ ಕೇಳಿಸದಂತೆ ದನಿಯನ್ನು ಮುಳುಗಿಸದಿರಲಿ. ಕನ್ನಡದಲ್ಲಿ ಬಲಿಪೂಜೆ, ಕನ್ನಡದಲ್ಲಿ ಗೀತೆಗಳು ಬಂದವು. ತಬಲ ಬಂದಿತು, ಪಿಟೀಲು ಬಂದಿತು, ಗಿಟಾರು ಬಂದಿತು. ಬೇಸ್ ಗಿಟಾರು ಎಲ್ಲಕ್ಕಿಂತ ತಡವಾಗಿ ಬಂದಿತು.

ತಡಕ್ಕೆ ಕಾರಣ ಭಕ್ತಿಯದಲ್ಲ, ಹಣದ್ದು. 1991ರ ಆರ್ಥಿಕ ಸುಧಾರಣೆಗೆ ಮುಂಚೆ ವಿದೇಶಿ ವಾದ್ಯಗಳ ಮೇಲೆ ಆಮದಿನ ಕಟ್ಟುಪಾಡೂ ಭಾರಿ ಸುಂಕವೂ ಇದ್ದವು. ನಮ್ಮಂಥ ಊರುಗಳಿಗೆ ನಿಲುಕುತ್ತಿದ್ದದ್ದು ಗಿವ್ಸನ್, ಹಾಬ್ನರ್ ಮುಂತಾದ ಕಲ್ಕತ್ತೆಯ ಗಿಟಾರುಗಳು. 1882ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣಗೊಂಡಂದಿನಿಂದ ಮದ್ದೂರು, ಮಂಡ್ಯದವರಿಗೆ ಎರಡೂ ನಗರಗಳ ಅಂಗಡಿಗಳು ಹತ್ತಿರವಾದವು. ಮಳವಳ್ಳಿಯವರು ಮಾತ್ರ ಇಂದಿಗೂ ವಾದ್ಯವನ್ನು ಬಸ್ಸಿನಲ್ಲಿಯೇ ಮಡಿಲಿನ ಮಗುವಿನಂತೆ ತರಬೇಕು. ಬೇಸಿನ ದನಿಯನ್ನು ನಮ್ಮ ತರುಣರು ಕೇಳಿದ್ದು ಚಲನಚಿತ್ರಗೀತೆಗಳಲ್ಲಿ. ಮೈಸೂರಿನ ಸೋದರರಾದ ರಾಜನ್–ನಾಗೇಂದ್ರರ ಹಾಡುಗಳು ರೇಡಿಯೋದಲ್ಲಿ ಮನೆಮನೆಯನ್ನೂ ಸೇರಿದವು. ಇಳೆಯರಾಜರ ಸಂಗೀತದ ‘ಗೀತಾ’ 1981ರಲ್ಲಿ, ‘ಪಲ್ಲವಿ ಅನುಪಲ್ಲವಿ’ 1983ರಲ್ಲಿ ಬಂದವು. ಕ್ಯಾಸೆಟ್ಟನ್ನು ತಿರುತಿರುಗಿ ಹಾಕಿ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವುದನ್ನು ಕಿವಿಗೊಟ್ಟು ಹೆಕ್ಕಿದವರೇ ಮೊದಲ ವಿದ್ಯಾರ್ಥಿಗಳು.

ಅಷ್ಟರಲ್ಲಿ ಕೀಬೋರ್ಡ್ ಬಂದಿತು. 1980ರಿಂದ ಮಾರುಕಟ್ಟೆಗಿಳಿದ ಕ್ಯಾಸಿಯೋದಂಥ ಪುಟ್ಟ ಕೀಬೋರ್ಡುಗಳು ಬರಬರುತ್ತ ಅಗ್ಗವಾಗಿ ಗಾನವೃಂದಗಳನ್ನು ಆಕ್ರಮಿಸಿದವು. ಒಬ್ಬರಿಂದಲೇ ಎಲ್ಲವೂ ನಡೆಯುವಂತಾದದ್ದು ಸಣ್ಣ ಧರ್ಮಕೇಂದ್ರಗಳಿಗೆ ನಿಜವಾದ ಉಪಕಾರ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರದ ಮಂದ್ರಸ್ವರಕ್ಕೆ ಕಿವಿಯಿಲ್ಲ. ಕಾಣಿಕೆಯ ಗೀತೆಯ ಎರಡನೆಯ ಚರಣದಲ್ಲಿ ಮುಂದಿನ ಸಾಲಿನ ಅಜ್ಜಿಯರು ಉಸಿರಿಗಾಗಿ ಅರೆಗಳಿಗೆ ನಿಂತರೆ ಅದು ನಿಲ್ಲುವುದಿಲ್ಲ. ಸಭೆಯೇ ಓಡಿ ಅದನ್ನು ಹಿಡಿಯಬೇಕು. ಬೇಸ್ ನುಡಿಸುವ ಹುಡುಗ ಅವರ ತುಟಿಗಳನ್ನು ನೋಡಿ ಒಂದು ಮಾತ್ರೆ ಕಾಯಬಲ್ಲ. ನಮ್ಮ ವಾದವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಇನ್ನು ಕಲಿಕೆಯ ವಿಷಯ. ಬೇಸಿನ ನಾಲ್ಕು ತಂತಿಗಳ ಹೆಸರು ಇ, ಎ, ಡಿ, ಜಿ. ಸೆಕೆಂಡಿಗೆ ಸುಮಾರು 41, 55, 73, 98 ಕಂಪನಗಳು. ಸಾಮಾನ್ಯ ಗಿಟಾರಿನ ಮಂದ್ರದ ನಾಲ್ಕು ತಂತಿಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಯಾವ ತಂತಿಯನ್ನು ಷಡ್ಜವೆಂದುಕೊಂಡರೂ ಅದರ ಮುಂದಿನ ತಂತಿ ಶುದ್ಧ ಮಧ್ಯಮ. ಸಂಗೀತದ ಮೇಷ್ಟರ ಬಳಿ ಸರಳೆ, ಜಂಟಿ ಕಲಿತ ಮಕ್ಕಳಿಗೆ ಇಷ್ಟು ಹೇಳಿದರೆ ಅರ್ಧ ಪಾಠ ಮುಗಿದಂತೆಯೇ. ಗೀತೆ ಡಿ ಶ್ರುತಿಯಲ್ಲಿದ್ದರೆ ಮೂರನೆಯ ತಂತಿ ಷಡ್ಜ, ಎರಡನೆಯದು ಅದರ ಕೆಳಗಿನ ಪಂಚಮ. ಬೆರಳೇ ಇಡದೆ, ಬರಿಯ ತಂತಿಯನ್ನು ಮೀಟಿ ಗೀತೆಗೆ ತಂಬೂರಿಯ ಆಧಾರ ಕೊಡಬಹುದು. ತಂಬೂರಿಯಲ್ಲಿಯೂ ಮೊದಲ ತಂತಿ ಮಂದ್ರ ಪಂಚಮವೇ ಅಲ್ಲವೇ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಕನ್ನಡ ಗೀತೆಗಳಲ್ಲಿ ರಾಗದ ಛಾಯೆಯವು ಎಷ್ಟೋ ಇವೆ. ಪುಸ್ತಕದಿಂದ ಕಲಿತವರು ಎಲ್ಲ ಹಾಡಿಗೂ ಷಡ್ಜ, ಮಧ್ಯಮ, ಪಂಚಮ ಎಂಬ ಮೂರು ನಿಲುಗಡೆಗಳನ್ನೇ ಹಚ್ಚುತ್ತಾರೆ. ಮೋಹನ ರಾಗದ ಗೀತೆಯಲ್ಲಿ ಮಧ್ಯಮವೇ ಇಲ್ಲ. ಹಾಡುವವರು ಗಾಂಧಾರದಿಂದ ಪಂಚಮಕ್ಕೆ ಹಾರುವಾಗ ಕೆಳಗಿನಿಂದ ಬೇಸು ಮಧ್ಯಮವನ್ನು ಗುಡುಗಿಸಿದರೆ ರಾಗದ ಮುಖವೇ ಕೆಡುತ್ತದೆ. ಅಂಥಲ್ಲಿ ಷಡ್ಜ ಪಂಚಮಗಳನ್ನು ಬಿಟ್ಟು ಕದಲದಿರುವುದೇ ಜಾಣತನ. ಪಾಶ್ಚಾತ್ಯ ಧಾಟಿಯ ಕ್ರಿಸ್ಮಸ್ ಗೀತೆಗಳಿಗಾದರೆ ಮೂರು ನಿಲುಗಡೆಗಳೂ ಬೇಕು, ಅದಕ್ಕಿಂತ ಹೆಚ್ಚಿನವೂ ಬೇಕು.

ಬಲಗೈಯ ತೋರುಬೆರಳು, ನಡುಬೆರಳುಗಳು ನಡೆಯುವ ಕಾಲುಗಳಂತೆ ಸರದಿಯಾಗಿ ತಂತಿಯನ್ನು ಮೀಟಬೇಕೆಂಬುದು ರೂಢಿ. ನಿಯಮವೇನೂ ಅಲ್ಲ; ಅಮೆರಿಕದ ಮೋಟೌನ್ ಸಂಸ್ಥೆಯ ಅಸಂಖ್ಯ ಧ್ವನಿಮುದ್ರಿಕೆಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಿಂದಲೇ ನುಡಿಸಿ ಹೆಸರಾದವನು. ಎಡಗೈಗೆ ಮಾತ್ರ ಶ್ರಮವಿದೆ. ಸಾಮಾನ್ಯ ಗಿಟಾರಿನ ಮೊದಲ ಮೆಟ್ಟು ಸುಮಾರು 3.6 ಸೆಂಟಿಮೀಟರ್ ಅಗಲವಿದ್ದರೆ 34 ಅಂಗುಲದ ಬೇಸಿನಲ್ಲಿ ಅದು 4.8 ಸೆಂಟಿಮೀಟರ್. ಹದಿಮೂರು, ಹದಿನಾಲ್ಕರ ಮಕ್ಕಳ ಬೆರಳು ಅಷ್ಟು ಚಾಚದು. ಅವರಿಗೆ 30 ಅಂಗುಲದ ಕಿರಿಯ ಬೇಸನ್ನು ಕೊಡಿಸುವುದು ಲೇಸು. ಅದರಲ್ಲಿ ಮೊದಲ ಮೆಟ್ಟು 4.3 ಸೆಂಟಿಮೀಟರ್ ಮಾತ್ರ. ಹೆಣ್ಣುಮಕ್ಕಳಿಗೆ ಇದು ಹೊರಲಾಗದ ವಾದ್ಯವೆಂಬ ಮಾತನ್ನು ಕೇಳಿದ್ದೇವೆ. ಅಮೆರಿಕದ ಧ್ವನಿಮುದ್ರಣ ಶಾಲೆಗಳಲ್ಲಿ 1960ರ ದಶಕದಲ್ಲಿ ಅತ್ಯಂತ ಬೇಡಿಕೆಯಲ್ಲಿದ್ದ ಬೇಸ್ ವಾದಕರಲ್ಲಿ ಕ್ಯಾರಲ್ ಕೇ ಎಂಬ ಮಹಿಳೆ ಒಬ್ಬರೆಂಬುದನ್ನು ಹಾಗೆನ್ನುವವರು ತಿಳಿಯಲಿ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ನಾಲ್ಕು ತಂತಿ ಸಾಕು. ಐದು, ಆರು ತಂತಿಯವು ಪೂಜೆಗೆ ಅನಗತ್ಯ. ಒಳಗೆ ಬ್ಯಾಟರಿ ಬೇಡದ ಪಿಕಪ್ ಇರುವುದನ್ನೇ ಆರಿಸಬೇಕು. ಪಾಸ್ಖ ಜಾಗರಣೆಯ ನಡುರಾತ್ರಿ ಬ್ಯಾಟರಿ ತೀರಿದರೆ ಯಾವ ಅಂಗಡಿ ತೆರೆದಿರುತ್ತದೆ? ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ಹಲಗೆಯನ್ನು ನೋಡುವಂತೆ ಉದ್ದಕ್ಕೂ ನೋಡಬೇಕು. ಪ್ರತಿ ತಂತಿಯನ್ನೂ ಬರಿದಾಗಿ ಮೀಟಿ, ಬಳಿಕ ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮೀಟಬೇಕು. ಸರಿಯಾಗಿ ಒಂದು ಸ್ಥಾಯಿ ಮೇಲಿನ ಅದೇ ಸ್ವರ ಬರದಿದ್ದರೆ ಅಂಗಡಿಯವರಿಂದ ಅಲ್ಲಿಯೇ ಸರಿಮಾಡಿಸಿಕೊಳ್ಳಬೇಕು. ತಂತಿಗಳಲ್ಲಿ ಎರಡು ಜಾತಿ: ಮೇಲಿನ ಸುತ್ತು ದುಂಡಾಗಿ ಹೊಳೆಯುವ ದನಿಯವು, ಸುತ್ತು ಚಪ್ಪಟೆಯಾಗಿ ಮೃದುವಾದ ದನಿಯವು. ದೇವಾಲಯಕ್ಕೆ ನಾವು ಚಪ್ಪಟೆಯನ್ನೇ ಶಿಫಾರಸು ಮಾಡುತ್ತೇವೆ. ಬೆರಳು ಜಾರುವಾಗ ಕಿರುಗುಟ್ಟುವುದಿಲ್ಲ, ಬಹುಕಾಲ ಬಾಳುತ್ತವೆ. ಜೇಮರ್ಸನ್ ಬಳಸಿದ್ದು ಅವನ್ನೇ, ಹರಿಯುವವರೆಗೂ ಬದಲಿಸುತ್ತಿರಲಿಲ್ಲವೆಂದು ಪ್ರತೀತಿ.

ಹಣವನ್ನು ಉಳಿಸಬೇಕಾದ್ದು ಗಿಟಾರಿನಲ್ಲಿ, ಸುರಿಯಬೇಕಾದ್ದು ಆಂಪ್ಲಿಫೈಯರಿನಲ್ಲಿ. ಬಹುಪಾಲು ಧರ್ಮಕೇಂದ್ರಗಳಲ್ಲಿ ನಡೆಯುವುದು ಇದರ ತಲೆಕೆಳಗು. ಗಿಟಾರನ್ನು ಜನ ನೋಡುತ್ತಾರೆ, ದಾನಿಗಳ ಹೆಸರನ್ನು ಅದರ ಮೇಲೆ ಬರೆಸಬಹುದು. ಕರಿಯ ಪೆಟ್ಟಿಗೆಯನ್ನು ಯಾರು ನೋಡುತ್ತಾರೆ? ಕೊನೆಗೆ ಬೇಸನ್ನು ಪ್ರಬೋಧನೆಯ ಮೈಕಿನ ಮಿಕ್ಸರಿಗೇ ಸಿಕ್ಕಿಸುತ್ತಾರೆ. ಗೋಡೆಯ ಮೇಲಿನ ಕಂಬದ ಸ್ಪೀಕರುಗಳು, ಗೋಪುರದ ಹಾರ್ನುಗಳು ಮಾತಿಗಾಗಿ ಮಾಡಿದವು, 41 ಕಂಪನಗಳ ಸ್ವರಕ್ಕಾಗಿ ಅಲ್ಲ. ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಗಟ್ಟಿಯಾಗಿ ಕೇಳಿಸಲು ಸ್ಪೀಕರಿನ ಕಾಗದ ನಾಲ್ಕು ಪಟ್ಟು ಹಿಂದುಮುಂದಾಗಿ ಅಲುಗಬೇಕು. ಅಶಕ್ತವಾದ ಸ್ಪೀಕರು ಮೊದಲು ಗೊರಗೊರ ಎನ್ನುತ್ತದೆ, ಆಮೇಲೆ ಹರಿಯುತ್ತದೆ. ಬೇಸಿಗೆಂದೇ ಮಾಡಿದ, 12 ಅಥವಾ 15 ಅಂಗುಲದ ಸ್ಪೀಕರುಳ್ಳ, 100 ವ್ಯಾಟಿನ ಆಸುಪಾಸಿನ ಪೆಟ್ಟಿಗೆ ನಮ್ಮ ಗಾತ್ರದ ದೇವಾಲಯಕ್ಕೆ ಸಾಕು. ಅದನ್ನು ಮೂಲೆಯಲ್ಲಿಡಬಾರದು, ಎರಡು ಗೋಡೆ ಕೂಡುವಲ್ಲಿ ಮಂದ್ರನಾದ ಉಬ್ಬಿ, ಎತ್ತರದ ಛಾವಣಿಯಡಿ ಗುಂಯ್‌ಗುಟ್ಟುತ್ತ ಗುರುಗಳ ಪ್ರಾರ್ಥನೆಯ ಮಾತುಗಳನ್ನೂ ನುಂಗುತ್ತದೆ. ಗೋಡೆಯಿಂದ ಈಚೆಗೆ, ಮರದ ಪೀಠದ ಮೇಲೆ, ಗಾನವೃಂದದತ್ತ ತಿರುಗಿಸಿಡಬೇಕು. ಕೊನೆಯ ಬೆಂಚಿನಲ್ಲಿ ಕುಳಿತವರಿಗೆ ಬೇಸು ಪ್ರತ್ಯೇಕವಾಗಿ ಕೇಳಿಸಿತೆಂದರೆ ದನಿ ಹೆಚ್ಚಾಯಿತೆಂದೇ ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಹಳೆಯ ದೇವಾಲಯಗಳ ವೈರಿಂಗಿನಲ್ಲಿ ಎರಡು ತೂತಿನ ಪ್ಲಗ್ಗುಗಳು ಇನ್ನೂ ಉಳಿದಿವೆ. ವಾದಕನ ಎಡಗೈ ಲೋಹದ ತಂತಿಯ ಮೇಲಿರುತ್ತದೆ, ತುಟಿ ಮೈಕಿಗೆ ತಾಗುತ್ತದೆ. ಒಂದಕ್ಕೆ ಅರ್ತಿಂಗ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ದೋಷವಿರುವ ಪೆಟ್ಟಿಗೆಯ ವಿದ್ಯುತ್ತು ಅವನ ಎದೆಯ ಮೂಲಕವೇ ಹಾಯುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟ. ವಾದ್ಯ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಗಾನವೃಂದದ ಮೂಲೆಯ ಮೂರು ಪಿನ್ನಿನ ಪ್ಲಗ್ಗನ್ನೂ ಅರ್ತಿಂಗ್ ತಂತಿಯನ್ನೂ ಪರೀಕ್ಷಿಸಬೇಕು. ಜನರೇಟರಿನಿಂದ ನಡೆಸುವ ಹಬ್ಬದ ರಾತ್ರಿಗಳಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.

ತಪಸ್ಸುಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯತಕ್ಕದ್ದೆಂಬುದು ಧರ್ಮಸಭೆಯ ವಿಧಿ. ಪವಿತ್ರ ಗುರುವಾರದ ಮಹಿಮಾಗೀತೆಯಾದ ಮೇಲೆ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೂ ಅದೇ ಕಟ್ಟು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆ ಆರು ವಾರ ಮೆರೆಯುವ ಅವಕಾಶವೂ ಇಲ್ಲ, ಅವಸರವೂ ಇಲ್ಲ. ಸಂಜೆ ಶಿಲುಬೆಹಾದಿ ಮುಗಿದ ಬಳಿಕ ಅರ್ಧ ಗಂಟೆ, ಆಂಪ್ಲಿಫೈಯರಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಾಲ್ಕು ಗೀತೆಗಳ ಷಡ್ಜ ಪಂಚಮಗಳನ್ನು ಕೈಗೆ ಕೂರಿಸಿಕೊಂಡರೆ ಪಾಸ್ಖದ ರಾತ್ರಿ ಗಂಟೆ ಮೊಳಗುವಾಗ ಕಂಬದ ಮರೆಯಿಂದ ನುಡಿಸಲು ಅಷ್ಟು ಸಾಕಾಗುತ್ತದೆ.